ಒಂಟೆ ಮೂಳೆಗೆ ನೀಲಿ ಹಾಕಿದ್ದು

ಮೊದಲೇ ಹೇಳಿಬಿಡುತ್ತೇನೆ. ದುಬೈಗೆ ಹೋದವರು ಚಿನ್ನದ ಅಂಗಡಿ ನೋಡುತ್ತಾರೆ, ಎತ್ತರದ ಕಟ್ಟಡ ನೋಡುತ್ತಾರೆ, ಮರಳಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಸತ್ತು ಎಂಟು ವರ್ಷವಾಗಿದ್ದ ಒಂದು ಒಂಟೆಗೆ ನೀಲಿ ಹಾಕಿ ಬಂದೆ. ಇಡೀ ಒಂಟೆಗಲ್ಲ. ಅದರಲ್ಲಿ ಉಳಿದಿದ್ದೇ ಬೆರಳುದ್ದದ ಎರಡು ಮೂಳೆ ಚೂರು. ಉಳಿದಷ್ಟಕ್ಕೂ ಬಿಡದೆ ಹಾಕಿದೆ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ ನಾನು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಉಡುಪಿಯಲ್ಲಿ ಬಿಎಸ್ಸಿ ಮುಗಿಸಿ, ಕೆಮಿಸ್ಟ್ರಿ ಪ್ರಾಕ್ಟಿಕಲ್ಲನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಮನೆಯಲ್ಲಿ ಮೂರು ಹೊತ್ತು ಊಟ ಮಾಡಿಕೊಂಡಿದ್ದೆ. ಆ ಸುದ್ದಿ ಕೇಳಿ ಕೇಳಿ ಬೇಸತ್ತು, ದುಬೈಯಲ್ಲಿದ್ದ ಅಕ್ಕ ಎರಡು ತಿಂಗಳ ವಿಸಿಟ್ ವೀಸಾ ಕಳಿಸಿದಳು.

ವಿಮಾನ ನಿಲ್ದಾಣ

ವೀಸಾದ ಜೊತೆ ಒಂದು ಪಟ್ಟಿಯೂ ಬಂದಿತ್ತು. ಹಪ್ಪಳ, ಹುರುಳಿ, ಮಿಡಿ ಉಪ್ಪಿನಕಾಯಿ. ಕೊನೆಯಲ್ಲಿ, ಎರಡು ಗೆರೆ ಎಳೆದು, ‘ಬಟ್ಟೆಗೆ ಹಾಕುವ ನೀಲಿ, ದೊಡ್ಡ ಬಾಟ್ಲಿ ಎರಡು.’ ಭಾವ ಆಫೀಸಿಗೆ ಬಿಳಿ ಅಂಗಿ ಬಿಟ್ಟರೆ ಬೇರೆ ಹಾಕುವುದಿಲ್ಲ. ಅಲ್ಲಿಯ ನೀರಿಗೆ ಬಿಳಿ ಅಂಗಿ ಹಳದಿಗೆ ತಿರುಗುತ್ತದಂತೆ. ಅಲ್ಲಿ ಸಿಗುವ ನೀಲಿ ಅಕ್ಕನ ಲೆಕ್ಕದಲ್ಲಿ ನೀಲಿಯೇ ಅಲ್ಲ.

ಎರಡು ಬಾಟಲಿಯಲ್ಲಿ ಒಂದು ದಾರಿಯಲ್ಲೇ ಸೋರಿತು. ಕಸ್ಟಮ್ಸಿನವನು ಪೆಟ್ಟಿಗೆ ತೆರೆಸಿ ನನ್ನದೊಂದು ಬನಿಯನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಹುಟ್ಟುವಾಗ ಬಿಳಿಯಾಗಿದ್ದ ಅದು ಈಗ ಗುರುತು ಸಿಗದ ಹಾಗಿತ್ತು. ಬಾಟಲಿ ತೋರಿಸಿ ಇದೇನು ಅಂತ ಕೇಳಿದ.

“ಫಾರ್ ವೈಟ್,” ಅಂದೆ.

ಅವನು ನೀಲಿ ಬಾಟಲಿ ನೋಡಿದ, ನೀಲಿ ಬನಿಯನ್ನು ನೋಡಿದ, ಬಾಟಲಿಯ ಮುಚ್ಚಳ ಬಿಗಿ ಮಾಡಲು ಹೋಗಿ ನೀಲಿಯಾಗಿದ್ದ ನನ್ನ ಕೈ ನೋಡಿದ.

“ಫಾರ್ ವೈಟ್?” ಅಂತ ಇನ್ನೊಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ಹೋಗು ಅಂತ ಕೈ ಮಾಡಿದ. ಆ ಮನುಷ್ಯನ ಪ್ರಶ್ನೆಯನ್ನು ನಾನು ಅಲ್ಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಮುಂದಿನದ್ದು ಯಾವುದೂ ನಡೆಯುತ್ತಿರಲಿಲ್ಲ.

ಅಲ್ ಕುಸೈಸ್

ಅಕ್ಕನ ಮನೆ ಅಲ್ ಕುಸೈಸಿನಲ್ಲಿ, ಮೂರನೇ ಮಹಡಿ. ಕಿಟಕಿ ತೆರೆಯುವ ಹಾಗಿಲ್ಲ, ತೆರೆದರೆ ಧೂಳು. ಬಾಲ್ಕನಿಯಿಂದ ನೋಡಿದರೆ ಶಾಲೆಯ ಬಸ್ಸುಗಳ ಸಾಲು, ಅದರಾಚೆ ಗೋಡೌನುಗಳ ತಗಡಿನ ಮಾಡು. ಊರಲ್ಲಿ ನಾನು ಒಂದು ಸಲ ಸೀನಿದರೆ ಮೂರು ಮನೆಯಿಂದ ಕಷಾಯದ ಸಲಹೆ ಬರುತ್ತದೆ. ಇಲ್ಲಿ ಎದುರು ಮನೆಯವನು ಲಿಫ್ಟಿನಲ್ಲಿ ಸಲಾಂ ಹೇಳಿ, ಕೆಳಗೆ ತಲುಪುವವರೆಗೆ ಮಹಡಿಯ ನಂಬರನ್ನೇ ನೋಡುತ್ತ ನಿಲ್ಲುತ್ತಿದ್ದ.

ರಸ್ತೆ ದಾಟುವುದು ನನಗೆ ದೊಡ್ಡ ಕಷ್ಟವಾಯಿತು. ವಾಹನ ಹೆಚ್ಚಾಗಿ ಅಲ್ಲ, ಅವು ನಿಲ್ಲುತ್ತವೆ ಅಂತ. ಬಿಳಿ ಪಟ್ಟೆಯ ಹತ್ತಿರ ನಾನು ಬಂದ ಕೂಡಲೆ ಕಾರು ನಿಲ್ಲುತ್ತಿತ್ತು. ನಾನು ಊರಿನ ಅಭ್ಯಾಸದಲ್ಲಿ ನೀವು ಹೋಗಿ ಅಂತ ಕೈ ತೋರಿಸುತ್ತಿದ್ದೆ. ಅವರು ನೀನು ಹೋಗು ಅಂತ ತೋರಿಸುತ್ತಿದ್ದರು. ಹೀಗೆ ಒಮ್ಮೆ ಕಾರಿನಲ್ಲಿದ್ದ ಮುದುಕರೊಬ್ಬರಿಗೂ ನನಗೂ ಎಷ್ಟು ಹೊತ್ತು ಉಪಚಾರ ನಡೆಯಿತೆಂದರೆ, ಹಿಂದಿನ ನಾಲ್ಕು ಕಾರಿನವರು ಹಾರ್ನ್ ಹೊಡೆದರು.

ಹತ್ತು ದಿನ ನಾನು ಸೋಫಾದಲ್ಲಿ ಕೂತದ್ದನ್ನು ನೋಡಿದ ಮೇಲೆ ಭಾವ ಹೇಳಿದರು, “ಮನೆಯಲ್ಲಿ ಕೂತು ಎಂತ ಮಾಡ್ತಿ ಮಾರಾಯ? ನನ್ನೊಟ್ಟಿಗೆ ಗೋಡೌನಿಗೆ ಬಾ. ಅರ್ಬಾಬ್ ಇರ್ತಾರೆ. ಒಳ್ಳೆ ಜನ. ಮಾತಾಡು.” ಮೆಟ್ಟಿಲಿಳಿಯುವಾಗ ಮತ್ತೊಂದು ಮಾತು ಸೇರಿಸಿದರು, “ಕಮ್ಮಿ ಮಾತಾಡು.”

ಗೋಡೌನಿನ ಹಿಂದಿನ ಕೋಣೆ

ಭಾವ ಅಲ್ಲಿ ಸ್ಟೋರ್‌ಕೀಪರ್. ಅರ್ಬಾಬ್ ಅಂದರೆ ಯಜಮಾನರು. ಎಲ್ಲರೂ ಅವರನ್ನು ಅಬು ಸೈಫ್ ಅನ್ನುತ್ತಿದ್ದರು. ಎಪ್ಪತ್ತರ ಹತ್ತಿರದವರು. ವ್ಯಾಪಾರವನ್ನು ಮಗನಿಗೆ ಬಿಟ್ಟು, ಮೊದಲು ಹಳೆ ಟೈರು ತುಂಬುತ್ತಿದ್ದ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂತು ಬೇಟೆಯ ಸಾಮಾನು ಮಾಡುತ್ತಿದ್ದರು. ಬೇಟೆ ಗಿಡುಗದ ಕಣ್ಣು ಮುಚ್ಚುವ ಚರ್ಮದ ಪುಟ್ಟ ಟೊಪ್ಪಿ, ಅದರ ಕಾಲಿಗೆ ಕಟ್ಟುವ ಬಾರು, ಹಿಡಿ ಹಾಕಿದ ಚೂರಿ. ಮಾರುವುದಕ್ಕಲ್ಲ, ಗೆಳೆಯರಿಗೆ ಕೊಡುವುದಕ್ಕೆ. ಮನೆಯಲ್ಲೇ ಮಾಡಬಹುದಲ್ಲ ಅಂತ ನಾನು ಕೇಳಿದ್ದಕ್ಕೆ, ಮೂಳೆ ಚರ್ಮ ಒಳಗೆ ತಂದರೆ ಹೆಂಡತಿ ಬಾಗಿಲು ಹಾಕಿಕೊಳ್ಳುತ್ತಾಳೆ ಅಂದರು. ಮರುದಿನವೇ ಆ ಮಾತು ನನಗೆ ಬೇರೆ ರೀತಿಯಲ್ಲಿ ಅರ್ಥವಾಯಿತು.

ಅವರ ತಲೆಮಾರಿನ ಎಷ್ಟೋ ಜನರ ಹಾಗೆ ಅವರಿಗೆ ಹಿಂದಿ ಬರುತ್ತಿತ್ತು, ನನಗಿಂತ ಚೆನ್ನಾಗಿ. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚಾಪೆಯ ಪಕ್ಕ ಒಂದು ಬಕೆಟ್ಟಿನಲ್ಲಿ ಸೋಪಿನ ನೀರಿತ್ತು. ಒಳಗೆ ಎರಡು ಹಳದಿ ಚೂರು ಮುಳುಗಿದ್ದವು. ಇದೇನು ಅಂತ ಕೇಳಿದೆ.

“ಗಜಾಲಾ,” ಅಂದರು ಅಬು ಸೈಫ್.

ಭಾವ ಮೆಲ್ಲಗೆ ಹೇಳಿದರು, “ಒಂಟೆ ಮಾರಾಯ. ಹೆಸರು ಅದು.”

ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ಅಬು ಸೈಫ್ ಉಳಿದದ್ದು ಹೇಳಿದರು. ಅವರೂ ಅವರ ಗೆಳೆಯ ಸುಹೈಲರೂ ಹರೆಯದಿಂದ ಒಟ್ಟಿಗೆ ಬೇಟೆಗೆ ಹೋದವರು. ಗಜಾಲಾ ಸುಹೈಲರ ಒಂಟೆ. ಅದು ಸತ್ತಾಗ ಕಾಲಿನ ಮೂಳೆಯೊಂದನ್ನು ಅಬು ಸೈಫ್ ತಂದು ಅಂಗಳದ ಮರಳಿನಲ್ಲಿ ಹೂತಿಟ್ಟಿದ್ದರು. ಈಗ ಸುಹೈಲ್ ಇರುವುದು ಅಬುಧಾಬಿಯಲ್ಲಿ, ಖಾಲಿದಿಯಾದಲ್ಲಿ. ಎರಡು ವರ್ಷದಿಂದ ಕಣ್ಣು ಮಂದವಾಗುತ್ತಿದೆ. ಅವರ ಬೇಟೆ ಚೂರಿಗೆ ಕರಿ ಕೊಂಬಿನ ಹಿಡಿ. ಕೆಳಗಿಟ್ಟರೆ ಕಡುಗೆಂಪು ಕಂಬಳಿಯ ಮೇಲೆ ಕಾಣುವುದೇ ಇಲ್ಲ. ನೆಲ ತಡಕಬೇಕು, ಅಷ್ಟರಲ್ಲಿ ಮನೆಯವರು ಯಾರೋ ಎತ್ತಿ ಕೈಗೆ ಕೊಡುತ್ತಾರೆ. ಅದು ಅವರಿಗೆ ಆಗುವುದಿಲ್ಲ.

“ಬಿಳಿ ಮಾತ್ರ ಇನ್ನೂ ಸ್ವಲ್ಪ ಕಾಣ್ತದೆ, ಬಿಳಿ ಹಿಡಿ ಹಾಕಿಸಿಕೊಡು ಅಂದ,” ಅಂದರು ಅಬು ಸೈಫ್. “ಇನ್ನು ಹನ್ನೆರಡು ದಿನ ಬಿಟ್ಟು ಮಗ ಅವನನ್ನು ಆಪರೇಷನ್ನಿಗೆ ಅಂತ ಜರ್ಮನಿಗೆ ಕರ್ಕೊಂಡು ಹೋಗ್ತಾನೆ. ಅದರ ಮೊದಲು ಕೈಯಲ್ಲಿ ಇಡಬೇಕು.”

ಹಿಡಿಗೆ ಎರಡು ಚೂರು ಬೇಕು, ಅಲಗಿನ ಆಚೆಗೊಂದು ಈಚೆಗೊಂದು. ಮೂಳೆಯನ್ನು ಗರಗಸದಲ್ಲಿ ಸೀಳುವಾಗ ಉಳಿದದ್ದೆಲ್ಲ ಬಿರುಕು ಬಿಟ್ಟಿತ್ತು. ಸರಿಯಾಗಿ ಬಂದದ್ದು ಈ ಎರಡೇ. ಗಜಾಲಾಳ ಮೂರನೇ ಚೂರು ಭೂಮಿಯ ಮೇಲೆ ಇರಲಿಲ್ಲ.

“ನೀನು ಏನು ಓದಿದ್ದೀ?” ಅಂತ ಕೇಳಿದರು.

“ಕೆಮಿಸ್ಟ್ರಿ,” ಅಂದೆ. ಪಕ್ಕದಲ್ಲಿ ಭಾವ ಕಣ್ಣು ಮುಚ್ಚಿಕೊಂಡರು.

“ಒಳ್ಳೇದಾಯ್ತು. ಹೇಳು, ಮೂಳೆ ಯಾಕೆ ಹಳದಿ?”

“ವಯಸ್ಸಾದ್ದರಿಂದ.”

“ನನಗೂ ವಯಸ್ಸಾಗಿದೆ. ನಾನು ಹಳದಿಯಾ?”

ಹಳದಿ ಬರುವುದು ಒಳಗೆ ಉಳಿದ ಕೊಬ್ಬಿನಿಂದ ಅಂತ ಅವರೇ ಹೇಳಿದರು. ಮೊದಲು ಕೊಬ್ಬು ಹೊರಗೆ ಬರಬೇಕು, ಬಣ್ಣದ ಮಾತು ಆಮೇಲೆ. ಕುದಿಸಬಾರದು, ಕುದಿಸಿದರೆ ಕೊಬ್ಬು ಇನ್ನೂ ಒಳಗೆ ಇಳಿಯುತ್ತದೆ. ಬಿಸಿಲಿಗೆ ಇಡಬಾರದು, ಸೀಳುತ್ತದೆ. ಕಕ್ಕಸು ತೊಳೆಯುವ ಬ್ಲೀಚು ಮುಟ್ಟಿಸಲೇಬಾರದು, ಮೂಳೆ ಪುಡಿಯಾಗುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ದಿನವೂ ನೀರು ಬದಲಿಸುವುದು. ಕೊಬ್ಬೆಲ್ಲ ಹೋದ ಮೇಲೆ, ಸಲೂನಿನಲ್ಲಿ ಕೂದಲಿನ ಬಣ್ಣ ತೆಗೆಯಲು ಬಳಸುತ್ತಾರಲ್ಲ, ಆ ಪೆರಾಕ್ಸೈಡು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಪ್ರಾಕ್ಟಿಕಲ್ ಲ್ಯಾಬಿನಲ್ಲೂ ಹೀಗೇ ಆಡಿಸುತ್ತಿದ್ದೆ.

ಮರುದಿನ ಅಬು ಸೈಫ್ ಯಾರದ್ದೋ ಮದುವೆಗೆ ಮೂರು ದಿನ ಅಲ್ ಐನಿಗೆ ಹೊರಟರು. ಶುಕ್ರವಾರ ಗೋಡೌನಿಗೆ ಬೀಗ. ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, “ಕೆಮಿಸ್ಟ್ರಿ, ದಿನಾ ನೀರು ಬದಲಿಸು. ಕೈ ತಡೆಯುವಷ್ಟು ಬಿಸಿ. ಸೋಪು. ಖಲಾಸ್. ಮತ್ತೇನೂ ಮಾಡಬೇಡ,” ಅಂದರು.

“ಅವನು ಮಾಡುದಿಲ್ಲ, ಜವಾಬ್ದಾರಿ ನನ್ನದು,” ಅಂದರು ಭಾವ. ಅಂದದ್ದಕ್ಕೆ ಅವರು ಇವತ್ತಿಗೂ ವಿಷಾದ ಪಡುತ್ತಾರೆ.

ಬಾಲ್ಕನಿ

ಅಕ್ಕ ಬಾಗಿಲಲ್ಲೇ ಹಿಡಿದಳು.

“ಅದೆಂತ ಬಕೆಟಲ್ಲಿ?”

“ಅರ್ಬಾಬರದ್ದು.”

“ಅರ್ಬಾಬರದ್ದು ಎಂತ?”

“ಎಲುಬು.”

“ಅರ್ಬಾಬರ ಎಲುಬು ನಿನ್ನತ್ರ ಯಾಕೆ?”

“ಅವರದ್ದಲ್ಲ, ಒಂಟೆದು.”

ಅಕ್ಕ ನನ್ನನ್ನು ಬಿಟ್ಟು ಭಾವನ ಕಡೆ ತಿರುಗಿದಳು. “ನೋಡಿ, ಈ ಮನೆಯ ಅಡುಗೆಗೆ ಬೆಳ್ಳುಳ್ಳಿ ಬರ್ಲಿಕ್ಕೆ ಎಂಟು ವರ್ಷ ಆಯ್ತು. ಇವ ಬಂದು ಹನ್ನೊಂದು ದಿನಕ್ಕೆ ಒಂಟೆ ತಂದ.”

ಅಕ್ಕನ ಏಳು ವರ್ಷದ ಮಗಳು ಅನು ಬಕೆಟ್ಟಿಗೆ ಬಗ್ಗಿ, “ಮಾಮ, ಇಟ್ಸ್ ಸೋ ಯಕ್ಕಿ. ಕ್ಯಾನ್ ಐ ಟಚ್ ಇಟ್?” ಅಂದಳು. ಕೊನೆಗೆ ಬಕೆಟ್ಟಿಗೆ ಬಾಲ್ಕನಿಯಲ್ಲಿ ಜಾಗ ಸಿಕ್ಕಿತು, ಬಟ್ಟೆ ಒಗೆಯುವ ಮೆಷಿನಿನ ಪಕ್ಕ. ಮೆಷಿನಿನ ಮೇಲೆ ಸೋಪಿನ ಪುಡಿ, ಅದರ ಪಕ್ಕ ನಾನೇ ಉಡುಪಿಯಿಂದ ತಂದ ನೀಲಿ.

ಮೊದಲನೇ ದಿನ ಹೇಳಿದಷ್ಟೇ ಮಾಡಿದೆ. ಎರಡನೇ ದಿನವೂ ಮಧ್ಯಾಹ್ನದವರೆಗೆ ಮಾಡಿದೆ. ಮೂಳೆ ಹಳೆ ಹಾರ್ಮೋನಿಯಮ್ಮಿನ ಬಿಳಿ ಕೀಗಳ ಬಣ್ಣಕ್ಕೆ ಬಂದಿತ್ತು, ಅದರಿಂದ ಮುಂದೆ ಹೋಗುತ್ತಿರಲಿಲ್ಲ. ಆಗ ಅಕ್ಕ ಬಾಲ್ಕನಿಗೆ ಬಂದು, ಮಗ್ಗಿನಲ್ಲಿ ನೀಲಿ ಕಲಸಿ, ಭಾವನ ಒಂಬತ್ತು ಅಂಗಿ ಅದ್ದಿ ತೆಗೆದು ತಂತಿಗೆ ಹಾಕಿದಳು. ಹಳದಿಯಾಗಿದ್ದ ಅಂಗಿಗಳು ಕಣ್ಣು ಕುಕ್ಕುವ ಬಿಳಿಯಾಗಿ ತೂಗಾಡಿದವು.

ನಾನು ಅಂಗಿ ನೋಡಿದೆ. ಮೂಳೆ ನೋಡಿದೆ. ಜಗತ್ತಿನ ದೊಡ್ಡ ಸಂಶೋಧನೆಗಳೆಲ್ಲ ಹೀಗೇ ಆಗಿರಬೇಕು ಅನಿಸಿತು. ಹಳದಿ ಅಂಗಿಗೆ ನೀಲಿ ಹಾಕಿದರೆ ಬಿಳಿ. ಹಳದಿ ಮೂಳೆಗೂ ನೀಲಿ ಹಾಕಿದರೆ ಬಿಳಿ. ಇಷ್ಟು ಸಣ್ಣ ವಿಷಯ ಅರಬ್ಬರಿಗೆ ಈವರೆಗೆ ಯಾರೂ ಹೇಳಿಲ್ಲವಲ್ಲ ಅಂತ ಅವರ ಬಗ್ಗೆ ಕನಿಕರ ಬಂತು.

ನಾಲ್ಕು ಹನಿ ಹಾಕಿದೆ. ಹತ್ತು ನಿಮಿಷ ಕಾದೆ. ಏನೂ ಆಗಲಿಲ್ಲ. ಒಂಬತ್ತು ಅಂಗಿಗೆ ಒಂದು ಮುಚ್ಚಳವಾದರೆ, ಅಂಗಿಗಿಂತ ಗಟ್ಟಿಯಾದ ಮೂಳೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ, ಬಕೆಟ್ಟಿನ ತಳ ಕಾಣದಷ್ಟು ಸುರಿದೆ. ಊಟ ಮಾಡಿ ಮಲಗಿದೆ. ಒಳ್ಳೆಯ ನಿದ್ದೆ ಬಂತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಎದ್ದು ಬಂದು ನೋಡಿದರೆ ಗಜಾಲಾ ನೀಲಿ. ಆಕಾಶದ ನೀಲಿಯಲ್ಲ, ಶಾಲೆಯಲ್ಲಿ ಇಂಕಿನ ಬಾಟಲಿ ಬಿದ್ದು ಒಡೆದಾಗ ಬೆಂಚಿನ ಮೇಲೆ ಹರಡುತ್ತಿತ್ತಲ್ಲ, ಆ ನೀಲಿ. ಸೋಪು ಹಾಕಿ ಉಜ್ಜಿದೆ. ನನ್ನ ಉಗುರು ನೀಲಿಯಾಯಿತು, ಮೂಳೆ ಹಾಗೇ ಇತ್ತು. ಹೆದರಿಕೆಯಲ್ಲಿ ಮನುಷ್ಯನಿಗೆ ಬೇಡ ಅಂದದ್ದೇ ಮೊದಲು ನೆನಪಾಗುತ್ತದೆ. ಕಕ್ಕಸಿನಿಂದ ಬ್ಲೀಚು ತಂದು ಸುರಿದೆ. ನೀಲಿ ಕೆಲವು ಕಡೆ ತಿಳಿಯಾಯಿತು. ಸಂತೋಷಪಟ್ಟು ಕೈಗೆತ್ತಿಕೊಂಡರೆ ಮೇಲ್ಮೈ ಹುಡಿಹುಡಿ. ಪರೀಕ್ಷೆ ಮಾಡೋಣ ಅಂತ ಬಾಲ್ಕನಿಯ ಗೋಡೆಗೆ ಎಳೆದೆ. ಚಂದದ ಗೆರೆ ಬಿತ್ತು. ನನ್ನ ಕೈಯಲ್ಲಿದ್ದದ್ದು ಸೀಮೆಸುಣ್ಣ.

ಭಾವ ಸಂಜೆ ಬಂದು ಬಕೆಟ್ಟು ನೋಡಿ, ಬಾಲ್ಕನಿಯ ನೆಲದ ಮೇಲೇ ಕೂತರು. ಬಿಳಿ ಅಂಗಿ ಕೊಳೆಯಾಗುತ್ತದೆ ಅನ್ನುವುದನ್ನೂ ನೋಡಲಿಲ್ಲ.

“ನಾಳೆ ಅವರು ಬರ್ತಾರೆ,” ಅಂದರು. “ನೀನೇ ಹೇಳ್ಬೇಕು. ನನ್ನ ಹಿಂದೆ ನಿಲ್ಲುವುದು ಬೇಡ.”

“ಇದೊಂದು ರಿಯಾಕ್ಷನ್ ಅಂತ ಹೇಳಿದರೆ ಹೇಗೆ ಭಾವ?”

“ಒಂದೇ ಒಂದು ಉಪಕಾರ ಮಾಡು ಸುಧೀ. ಇನ್ನು ಈ ದೇಶದಲ್ಲಿ ಕೆಮಿಸ್ಟ್ರಿ ಅನ್ನುವ ಶಬ್ದ ತೆಗೀಬೇಡ.”

ಮತ್ತೆ ಹಿಂದಿನ ಕೋಣೆ

ಅಬು ಸೈಫ್ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈಸಿಕೊಳ್ಳುವುದರಲ್ಲಿ ನನಗೆ ಇಪ್ಪತ್ತೆರಡು ವರ್ಷದ ಅನುಭವ. ಅವರು ಚೂರುಗಳನ್ನು ಅಂಗೈಯಲ್ಲಿಟ್ಟು ಬಾಗಿಲ ಬೆಳಕಿಗೆ ಹೋಗಿ ನಿಂತರು. ಎಷ್ಟು ಹೊತ್ತು ನಿಂತರೆಂದರೆ ಭಾವ ಎರಡು ಸಲ ಗಂಟಲು ಸರಿ ಮಾಡಿಕೊಂಡರು.

“ಎಂಟು ವರ್ಷ ಇವಳನ್ನು ಮರಳಿನಲ್ಲಿ ಇಟ್ಟಿದ್ದೆ,” ಅಂದರು. “ಇರುವೆ ಮುಟ್ಟಿತು, ಹುಳ ಮುಟ್ಟಿತು. ಯಾರೂ ಇಷ್ಟು ಮಾಡಲಿಲ್ಲ.”

ನಾನು ನೆಲ ನೋಡಿದೆ.

“ಇಲ್ಲಿ ಬಾ. ಇದು ಕಾಣ್ತದಾ?”

ನೀಲಿಯ ನಡುವೆ ಅಲ್ಲಲ್ಲಿ ಹಳದಿ ಹಾಗೇ ಉಳಿದಿತ್ತು. ಸಮುದ್ರದ ನಕಾಶೆಯಲ್ಲಿ ದ್ವೀಪ ಇರುವ ಹಾಗೆ.

“ಇಲ್ಲೆಲ್ಲ ಇನ್ನೂ ಕೊಬ್ಬು ಉಂಟು. ಅದಕ್ಕೇ ನಿನ್ನ ನೀಲಿ ಹಿಡಿಯಲಿಲ್ಲ. ನೀನು ಏನೂ ಹಾಕದೇ ಇದ್ದಿದ್ದರೂ ಇದು ಇನ್ನು ನಾಲ್ಕು ದಿನ ಬಿಳಿಯಾಗ್ತಾ ಇರಲಿಲ್ಲ.” ಚೂರನ್ನು ನನ್ನ ಕೈಗೆ ಹಾಕಿದರು. “ಯಲ್ಲಾ, ಶುರು ಮಾಡು. ಕೂತ್ಕೋ.”

ಇನ್ನು ಎಂಟು ದಿನ ಇತ್ತು. ನಾಲ್ಕು ದಿನ ನಾನು ಆ ಚಾಪೆಯ ಮೇಲೆ ಬಕೆಟ್ಟಿನ ಎದುರು ಕೂತೆ. ನೀರು ಆರಿದರೆ ಬಿಸಿ ನೀರು, ಮೇಲೆ ಎಣ್ಣೆಯ ಪೊರೆ ಕಟ್ಟಿದರೆ ಚೆಲ್ಲಿ ಹೊಸ ನೀರು. ಐದನೇ ದಿನ ಪೊರೆ ಬರುವುದು ನಿಂತಿತು. ಸಲೂನಿಗೆ ಹೋಗಿ ಪೆರಾಕ್ಸೈಡು ಕೇಳಿದೆ. ಮಲಯಾಳಿ ಕ್ಷೌರಿಕ ನನ್ನ ತಲೆ ನೋಡಿ, ಯಾರ ಕೂದಲಿಗೆ ಅಂತ ಕೇಳಿದ. ಒಂಟೆಗೆ ಅಂದೆ. ಒಂದು ಮಾತಾಡದೆ ಕೊಟ್ಟ. ಗಲ್ಫಿನಲ್ಲಿ ಬಹಳ ವರ್ಷ ಇದ್ದವನಿರಬೇಕು.

ಪೆರಾಕ್ಸೈಡಿನಲ್ಲಿ ಮೂಳೆಯ ಮೈಯೆಲ್ಲ ಸಣ್ಣ ಗುಳ್ಳೆ ಎದ್ದು, ಎರಡನೇ ದಿನಕ್ಕೆ ಗಜಾಲಾ ಬಿಳಿಯಾದಳು. ನೆರಳಿನಲ್ಲಿ ಒಣಗಿಸಿದ ಮೇಲೆ ಅಬು ಸೈಫ್ ಒಡೆದ ಗಾಜಿನ ಅಂಚಿನಿಂದ ಹುಡಿಯಾದ ಮೇಲ್ಮೈಯನ್ನು ಹೆರೆದರು. ನನ್ನ ಬ್ಲೀಚು ಎಷ್ಟು ಒಳಗೆ ಹೋಗಿತ್ತೋ ಅಷ್ಟೂ ಹೆರೆಯಬೇಕಾಯಿತು. ಚೂರುಗಳು ತೆಳ್ಳಗಾಗುತ್ತ ಬಂದವು. ಪ್ರತಿ ಸಲ ಬಿಳಿ ಹುಡಿ ಚಾಪೆಗೆ ಬಿದ್ದಾಗ ಅವರು ನನ್ನ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೆ.

ಅಲಗಿನ ಎರಡು ಬದಿಗೆ ಕೂರಿಸಿ, ಹಿತ್ತಾಳೆಯ ಮೊಳೆ ಬಡಿದು, ಉಜ್ಜಿ ಮುಗಿಸಿದಾಗ ಹಿಡಿ ನಿಜಕ್ಕೂ ಹಾಲಿನ ಬಣ್ಣಕ್ಕಿತ್ತು. ಒಂದು ಕಡೆ ಮೊಳೆಯ ಬುಡದಲ್ಲಿ ಮಾತ್ರ ಹೆಸರುಕಾಳಿನಷ್ಟು ನೀಲಿ ಉಳಿದಿತ್ತು. ಅಲ್ಲಿ ಇನ್ನೂ ಹೆರೆದರೆ ಮೂಳೆ ಮುರಿಯುತ್ತದೆ. ಅಬು ಸೈಫ್ ಅದನ್ನು ಉಗುರಿನಿಂದ ಕೆದಕಿ ನೋಡಿ, ಬಟ್ಟೆ ಸುತ್ತಿ, “ನಾಳೆ ನೀನೂ ಬಾ,” ಅಂದರು.

ಖಾಲಿದಿಯಾ

ಅಬು ಸೈಫರ ಹಳೆಯ ಜೀಪಿನಲ್ಲಿ ನಾನು, ಭಾವ. ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ದಾರಿಯುದ್ದಕ್ಕೂ ಭಾವ ನನಗೆ ಮಂತ್ರ ಹೇಳಿಕೊಟ್ಟರು, ಸಲಾಂ ಹೇಳು, ಕೂತ್ಕೋ, ಕೊಟ್ಟದ್ದು ತಿನ್ನು, ಬಾಯಿ ಬಿಡಬೇಡ. ತಿನ್ನಲಿಕ್ಕಾದರೂ ಬಿಡಬಹುದಾ ಅಂತ ಕೇಳಿದೆ. ಭಾವ ಕಿಟಕಿಯ ಕಡೆ ತಿರುಗಿದರು.

ಸುಹೈಲರ ಮನೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಉದ್ದದ ಕೋಣೆಯಲ್ಲಿ ಎಲ್ಲರೂ ಕೆಳಗೆ ಕೂತಿದ್ದರು, ನಮ್ಮಲ್ಲಿ ಮದುವೆ ಮಾತಿಗೆ ಕೂರುವ ಹಾಗೆ. ನಮ್ಮಲ್ಲಿ ಟಿವಿ ಇಡುವ ಮೂಲೆಯಲ್ಲಿ, ಒಂದು ಗೂಟದ ಮೇಲೆ ಚರ್ಮದ ಟೊಪ್ಪಿ ಹಾಕಿಕೊಂಡ ಗಿಡುಗ. ನೆಲಕ್ಕೆ ಅದೇ ಕಡುಗೆಂಪು ಕಂಬಳಿ.

ಸುಹೈಲ್ ಎತ್ತರದ ಮನುಷ್ಯ, ಬಿಳಿ ಗಡ್ಡ. ಹರೆಯದಲ್ಲಿ ಹಾಯಿಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬರುತ್ತಿದ್ದವರಂತೆ, ಅವರಿಗೂ ಹಿಂದಿ ಗೊತ್ತಿತ್ತು. ಅಬು ಸೈಫ್ ಚೂರಿಯನ್ನು ಕೈಯಲ್ಲಿಟ್ಟರು. ಅವರು ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದರು.

“ಗಜಾಲಾ?”

“ಗಜಾಲಾ.”

ತುಂಬ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಚೂರಿಯನ್ನು ಬಲಗಡೆ ಕಂಬಳಿಯ ಮೇಲಿಟ್ಟು, ಕಾಫಿ ಕುಡಿದು, ಲೋಟ ಕೊಟ್ಟು, ಮತ್ತೆ ತೆಗೆದುಕೊಳ್ಳಲು ಕೈ ಚಾಚಿದರು. ಕೈ ಹೋದದ್ದು ಚೂರಿಯಿಂದ ಒಂದು ಮೊಳ ದೂರಕ್ಕೆ. ಅಲ್ಲಿ ತಡಕಿದರು. ಕೆಂಪು ಕಂಬಳಿಯ ಮೇಲೆ ಬಿಳಿ ಹಿಡಿ ನಮಗೆಲ್ಲ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಮಗ ಬಗ್ಗಿ, ಚೂರಿಯನ್ನು ಮೆಲ್ಲಗೆ ತಂದೆಯ ಬೆರಳಿನ ಹತ್ತಿರ ಸರಿಸಿದ.

ಸುಹೈಲ್ ಅದನ್ನು ಎತ್ತಿಕೊಂಡರು. ಸರಿಸಿದ್ದು ಅವರಿಗೆ ಗೊತ್ತಾಯಿತು ಅಂತ ನನಗನಿಸಿತು.

“ಬೆಳ್ಳಗೆ ಬಂದಿದೆಯಾ?” ಅಂತ ಅಬು ಸೈಫರನ್ನು ಕೇಳಿದರು.

ಅಬು ಸೈಫ್ ಹಿಡಿಯ ಕಡೆ ಬಗ್ಗಿದರು. ಅವರ ಕಣ್ಣು ಮೊಳೆಯ ಬುಡದಲ್ಲಿತ್ತು.

“ಹಾಲಿನ ಹಾಗೆ ಇದೆ,” ಅಂದ ಮಗ. ಇನ್ನೊಬ್ಬರು ಇನ್ನೂ ದೊಡ್ಡದಾಗಿ ಏನೋ ಹೊಗಳಿದರು.

“ತೆಳ್ಳಗಿದೆ,” ಅಂದರು ಸುಹೈಲ್. “ನಲವತ್ತು ವರ್ಷದಿಂದ ನೀನು ಹಾಕಿದ ಹಿಡಿ ಹಿಡಿದಿದ್ದೇನೆ. ತೆಳ್ಳಗೆ ಯಾವತ್ತೂ ಮಾಡಿಲ್ಲ. ಬಾಗಿಲ ಹತ್ತಿರ ಒಬ್ಬ ಕೂತಿದ್ದಾನಲ್ಲ, ಬಂದಾಗಿಂದ ಖರ್ಜೂರ ತಿನ್ನುವ ಸದ್ದು ಕೇಳ್ತಾ ಇದೆ, ಒಂದೂ ಮಾತಾಡಿಲ್ಲ. ಯಾರು ಅವನು?”

ಭಾವ ನನ್ನ ಮೊಣಕಾಲು ಹಿಸುಕಿದರು. ನನ್ನ ಬಾಯಲ್ಲಿ ಆರನೆಯದೋ ಏಳನೆಯದೋ ಖರ್ಜೂರ ಇತ್ತು.

“ನಾನು ಹಿಂದೂಸ್ತಾನದಿಂದ ಬಂದವನು,” ಅಂದೆ. “ತೆಳ್ಳಗಾದದ್ದು ನನ್ನಿಂದ.”

“ನೀನು ಹೇಳು. ಬೆಳ್ಳಗಿದೆಯಾ?”

ಇಲ್ಲಿ ನಾನು ಧೈರ್ಯ ಮಾಡಿದೆ ಅಂತ ಬರೆಯುವ ಆಸೆ ಇದೆ. ನಿಜ ಏನೆಂದರೆ ಹಿಂದಿಯಲ್ಲಿ ಸುಳ್ಳು ಹೇಳುವಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ.

“ಬೆಳ್ಳಗಿದೆ. ಒಂದು ಕಡೆ ಮೊಳೆಯ ಹತ್ತಿರ ಸ್ವಲ್ಪ ನೀಲಿ ಇದೆ. ಅದೂ ನಾನೇ ಮಾಡಿದ್ದು.”

ಮಗ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ವೀಸಾ ಅಲ್ಲೇ ಮುಗಿದಿರಬೇಕು ಅಂದುಕೊಂಡೆ. ಸುಹೈಲರ ಹೆಬ್ಬೆರಳು ಹಿಡಿಯ ಮೇಲೆ ಹರಿದು ಮೊಳೆ ಹುಡುಕಿತು.

“ಇಲ್ಲಿಯಾ?”

“ಇನ್ನೊಂದು ಬದಿ.”

ತಿರುಗಿಸಿ, “ಇಲ್ಲಿ?” ಅಂದರು.

“ಹೌದು. ಅಲ್ಲೇ.”

“ಎಂಥ ನೀಲಿ?”

“ನಮ್ಮ ಕಡೆ ಬಿಳಿ ಬಟ್ಟೆ ಹಳದಿಯಾದರೆ ಕೊನೆಯ ನೀರಿಗೆ ಹಾಕ್ತಾರಲ್ಲ, ಅದು.”

ಸುಹೈಲ್ ನಕ್ಕುಬಿಟ್ಟರು. “ಬೊಂಬಾಯಿ ಧೋಬಿಯ ನೀಲಿ. ನನ್ನ ಹೊಸ ಕಂದೂರ ಒಮ್ಮೆ ಒಬ್ಬ ಹಾಗೇ ಮಾಡಿ ತಂದಿದ್ದ. ಹಡಗಿನಲ್ಲಿ ಎಲ್ಲರೂ ಎಷ್ಟು ನಕ್ಕರು. ಇವನು ಗಜಾಲಾಳನ್ನು ಬಟ್ಟೆಯ ಹಾಗೆ ಒಗೆದಿದ್ದಾನೆ.” ತಮ್ಮ ಉದ್ದದ ಬಿಳಿ ನಿಲುವಂಗಿಯ ತೋಳನ್ನು ಎತ್ತಿ ಹಿಡಿದು, ಆ ನೀಲಿ ಎಲ್ಲೆಲ್ಲಿ ಆಗಿತ್ತು ಅಂತ ತೋರಿಸಿದರು. ಇಲ್ಲಿ, ಇಲ್ಲಿ, ಕೊರಳಿನ ಹತ್ತಿರ. ಎಲ್ಲರೂ ನಕ್ಕರು. ಆಮೇಲೆ ನಾನು ಮೂಳೆಯನ್ನು ಗೋಡೆಗೆ ಎಳೆದ ಕಥೆಯನ್ನೂ ಹೇಳಬೇಕಾಯಿತು. ಭಾವ ನನ್ನ ಮೊಣಕಾಲು ಬಿಟ್ಟರು.

ಹೊರಡುವವರೆಗೂ ಸುಹೈಲರ ಹೆಬ್ಬೆರಳು ಆ ಮೊಳೆಯ ಮೇಲೇ ಇತ್ತು. ಚೂರಿಯನ್ನು ಮತ್ತೆ ಅವರು ಕೆಳಗಿಡಲಿಲ್ಲ.

ಜೆಬೆಲ್ ಅಲಿ ದಾಟುವಾಗ

ವಾಪಸು ಬರುವಾಗ ಭಾವ ಹಿಂದಿನ ಸೀಟಿನಲ್ಲಿ ನಿದ್ದೆಹೋದರು. ಬಂದರಿನ ಕ್ರೇನುಗಳು ಕಾಣಿಸಿದವು. ಅಬು ಸೈಫರನ್ನು ನಾನೇ ಕೇಳಿದೆ, “ಅವರಿಗೆ ಬಿಳಿಯೂ ಕಾಣುವುದಿಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಬೇಸಿಗೆಯಿಂದ ಗೊತ್ತು.”

“ಮತ್ತೆ ಯಾಕೆ ಅಷ್ಟು ಬಿಳಿ ಮಾಡಬೇಕಿತ್ತು?”

“ಅವನು ಕೇಳ್ತಾನಲ್ಲ,” ಅಂದರು. “ನಾನು ಹೇಳುವುದು ಸುಳ್ಳಾಗಬಾರದು.”

ಕಂಪನಿಯ ಬಸ್ಸೊಂದು, ಕಿಟಕಿಗೆ ತಲೆಯೊರಗಿಸಿ ಮಲಗಿದ ಕೆಲಸಗಾರರನ್ನು ತುಂಬಿಕೊಂಡು ನಮ್ಮನ್ನು ದಾಟಿ ಹೋಯಿತು.

“ನೀನು ನೀಲಿ ಅಂದಾಗ ನಿನ್ನನ್ನು ಅಲ್ಲೇ ಬಿಟ್ಟು ಬರೋಣ ಅನಿಸಿತು,” ಅಂದರು. “ಆ ಮನೆಯಲ್ಲಿ ಎಲ್ಲರೂ ಅವನಿಗೆ ಎಲ್ಲ ಚೆನ್ನಾಗಿದೆ ಅಂತಲೇ ಹೇಳ್ತಾರೆ. ನಾನೂ ಅದನ್ನೇ ಹೇಳ್ತೇನೆ. ಎಷ್ಟು ತಿಂಗಳಾಯ್ತೋ, ಯಾವ ವಸ್ತು ಯಾವ ಬಣ್ಣ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.”

ಒಳ್ಳೆಯ ಮಾತು ಯಾವುದಾದರೂ ಹೇಳೋಣ ಅಂತ ಬಾಯಿ ತೆರೆದೆ.

ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, “ಆದರೂ, ಕೆಮಿಸ್ಟ್ರಿ, ಇನ್ನು ಮೇಲೆ ನನ್ನ ಬಕೆಟ್ಟು ಮುಟ್ಟಬೇಡ.”